ಉಲ್ಟಾ ಲೆನ್ಸಿನಲ್ಲಿ ಕಂಡ ಹೆಬ್ಬೆಟ್ಟು

ನಮ್ಮ ಸ್ಟುಡಿಯೋದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಫೋಟೋ ಅಂಗಡಿ ಇಟ್ಟುಕೊಂಡು ನನ್ನ ತಲೆಗೂದಲು ಬೆಳ್ಳಗಾಯಿತು. ಇಷ್ಟು ವರ್ಷದಲ್ಲಿ ನೆಟ್ಟಗೆ ಬಂದು, ನೆಟ್ಟಗೆ ಕೂತು, ನೆಟ್ಟಗೆ ಫೋಟೋ ತೆಗೆಸಿಕೊಂಡು ಹೋದವರನ್ನು ಬೆರಳಲ್ಲಿ ಎಣಿಸಬಹುದು. ಮಿಕ್ಕವರೆಲ್ಲ ನನ್ನ ಗ್ರಹಚಾರದ ಕಡೆಯಿಂದ ಬಂದವರು.

ಈಗ ಹೇಳುತ್ತಿರುವುದು ನಾನು ಕ್ಯಾಮೆರಾಗೆ ಲೆನ್ಸನ್ನು ಉಲ್ಟಾ ಹಾಕಿಕೊಂಡ ಮೇಲಿನ ಸಂಗತಿಗಳು. ಆ ಉಲ್ಟಾ ಲೆನ್ಸು ಕೊನೆಗೆ ಹುಣಸೆ ಮಂಡಿಯ ಒಬ್ಬ ಅಮ್ಮನ ಬಲಗೈ ಹೆಬ್ಬೆಟ್ಟಿಗೆ ಗಂಟು ಬಿತ್ತು. ಆ ಹೆಬ್ಬೆಟ್ಟು ರೇಷನ್ ಅಂಗಡಿಯ ಮಿಷನ್ನಿಗೆ ಒಪ್ಪಿಗೆಯಾಗದೆ ಆಕೆಯ ಅಕ್ಕಿ ನಿಂತುಹೋಗಿತ್ತು. ಓದಿ ನಗು ಬಂದರೆ ನಗಿ, ನನ್ನ ಅಭ್ಯಂತರವೇನಿಲ್ಲ. ನಾನೂ ಮೊದಮೊದಲು ನಕ್ಕಿದ್ದೆ.

೧. ತಲೆಕೆಳಗು

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಮದುವೆ, ನಾಮಕರಣ ಎಲ್ಲ ಅವರವರೇ ತೆಗೆದುಕೊಳ್ಳತೊಡಗಿದರು. ನನಗೆ ಉಳಿದದ್ದು ಪಾಸ್‌ಪೋರ್ಟ್ ಸೈಜ್ ಮತ್ತು ಸತ್ತವರ ಫೋಟೋಗೆ ಕಟ್ಟು ಹಾಕಿಸುವುದು. ಮೊಬೈಲಿಗೆ ಆಗದ ಒಂದು ಕೆಲಸ ಹಿಡಿಯಬೇಕು ಅಂತ ಹಟ ಬಂತು. ಇರುವೆಯ ಮೀಸೆ, ನೊಣದ ಕಣ್ಣು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇಕು ಅಂತ ಕೋಲಾರಕ್ಕೆ ಹೋಗಿ ವಿಚಾರಿಸಿದೆ. ಅದರ ಬೆಲೆ ಕೇಳಿ ಕೂತಲ್ಲಿಂದ ಏಳೋಕಾಗಲಿಲ್ಲ. ಆ ದುಡ್ಡಿಗೆ ಹಾಲು ಕರೆಯುವ ಎಮ್ಮೆ ಕರುವಿನ ಸಮೇತ ಬರುತ್ತಿತ್ತು.

ಕೋಲಾರದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಒಬ್ಬ ಸಾಬರಿದ್ದಾರೆ. ಅವರಪ್ಪನೂ ಅದೇ ಕೆಲಸ ಮಾಡುತ್ತಿದ್ದವರು. ನನ್ನ ಮುಖ ನೋಡಿ ಅವರಿಗೆ ಕನಿಕರ ಬಂತು.

"ಅಣ್ಣಾ, ರೀಲು ಕ್ಯಾಮೆರಾ ಕಾಲದ ಲೆನ್ಸ್ ಮನೇಲೈತಾ?"

"ಐತೆ. ಬೀರುನಲ್ಲಿ ಬೂಷ್ಟು ಹಿಡೀತಾ ಐತೆ."

"ಬೂಷ್ಟು ಒರೆಸಿ ಉಲ್ಟಾ ಹಾಕಿ. ಮುಂದಿನ ಮೂತಿ ಕ್ಯಾಮೆರಾ ಕಡೆಗೆ, ಹಿಂದಿನ ಮೂತಿ ಹೊರಗಡೆಗೆ. ಇದೊಂದು ರಿಂಗ್ ಸಾಕು."

ಬಳೆಯಂಥ ಒಂದು ರಿಂಗು ಕೊಟ್ಟರು. ಒಂದು ಕಡೆ ಲೆನ್ಸಿನ ಮೂತಿಗೆ ತಿರುಪಬೇಕು, ಇನ್ನೊಂದು ಕಡೆ ಕ್ಯಾಮೆರಾಗೆ ಸಿಕ್ಕಿಸಬೇಕು, ಅಷ್ಟೆ. ಮೂರು ಊಟದ ಬೆಲೆಯೂ ಅದಕ್ಕಿರಲಿಲ್ಲ. ನಾನು ನಂಬಲಿಲ್ಲ. ಅಲ್ಲೇ ಅವರದೊಂದು ಹಳೇ ಲೆನ್ಸಿಗೆ ಸಿಕ್ಕಿಸಿ ಅವರ ಮೇಜಿನ ಮೇಲಿದ್ದ ಸಕ್ಕರೆ ಕಾಳು ನೋಡಿದೆ. ನಂದಿ ಬೆಟ್ಟದ ಬಂಡೆ ಕಂಡ ಹಾಗೆ ಕಂಡಿತು.

"ಒಂದು ಮಾತು ನೆನಪಿಟ್ಕೊಳ್ಳಿ," ಅಂದರು ಸಾಬರು. "ಇದರಲ್ಲಿ ದೂರದ್ದೇನೂ ಕಾಣಲ್ಲ. ನಾಲ್ಕು ಬೆರಳಗಲದಲ್ಲಿ ಇರೋದು ಮಾತ್ರ ಕಾಣ್ತದೆ. ಫೋಕಸ್ ಬೇಕಂದ್ರೆ ಲೆನ್ಸ್ ತಿರುಗಿಸೋದಲ್ಲ, ನೀವೇ ಹಿಂದಕ್ಕೂ ಮುಂದಕ್ಕೂ ಆಡಬೇಕು. ಉಸಿರು ಬಿಟ್ಟರೆ ಹೋಯ್ತು."

ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ನಾನು ಉಸಿರು ಕಟ್ಟಿ, ಕತ್ತು ಮುಂದೆ ಚಾಚಿ, ಅಡುಗೆಮನೆ ಗೋಡೆಯ ಇರುವೆ ಮುಂದೆ ಕೋಳಿಯ ಥರ ತಲೆ ಆಡಿಸುವುದನ್ನು ಸುಮಾರು ಹೊತ್ತು ನೋಡಿದಳು.

"ರೀ, ನಿಮ್ಮ ಹತ್ತಿರ ನೆಟ್ಟಗಿದ್ದಿದ್ದು ಅದೊಂದು ಲೆನ್ಸೇ. ಅದನ್ನೂ ತಲೆಕೆಳಗು ಮಾಡಿದ್ರಾ?"

೨. ಬೈರಕೂರಿನ ಹುಳ

ಮೊದಲ ಗಿರಾಕಿ ಮುಳಬಾಗಿಲು ಕಡೆಯ ಬೈರಕೂರಿನಿಂದ ಬಂದ ಟೊಮೇಟೊ ಬೆಳೆಗಾರ. ಬಾಳೆಲೆಯಲ್ಲಿ ಸುತ್ತಿ ಒಂದು ಟೊಮೇಟೊ ಎಲೆ ತಂದಿದ್ದ. ಎಲೆಯ ಮೇಲೆ ಬಿಳಿ ಗೆರೆ, ಗೆರೆಯ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದ ಹುಳ.

"ಔಷಧಿ ಅಂಗಡಿಯವನು ಯಾವ ಹುಳ ಅಂತಾನೆ. ನಂಗೇನು ಗೊತ್ತು, ಅದೇನು ಹೆಸರು ಹೇಳ್ತದಾ? ಒಂದು ಫೋಟೋ ಹೊಡೆದುಕೊಡಣ್ಣ, ತೋರಿಸ್ತೀನಿ."

ಒಳ್ಳೇ ಕೆಲಸ ಸಿಕ್ಕಿತು ಅಂತ ನಾನೂ ಮೈಮರೆತೆ. ಉಸಿರು ಕಟ್ಟಿ ಕಟ್ಟಿ ಮೂವತ್ತು ಸಲ ತೆಗೆದೆ. ಹುಳದ ಬಾಯಿ ಸರಿಯಾಗಿ ಬಂದರೆ ಬಾಲ ಮಸುಕು, ಬಾಲ ಬಂದರೆ ಬಾಯಿ ಮಸುಕು. ಕೊನೆಗೊಂದು ಚೆನ್ನಾಗಿ ಬಂತು. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಪ್ರಿಂಟು ಹಾಕಿಕೊಟ್ಟೆ. ಕೂದಲು, ಕಾಲು, ಕರೀ ತಲೆ ಎಲ್ಲ ಇದ್ದ ಆ ಹುಳ ನೋಡಿ ಬೆಳೆಗಾರ ಎರಡು ಹೆಜ್ಜೆ ಹಿಂದೆ ಸರಿದ.

"ಓರಿ ದೇವುಡಾ. ಇದು ನನ್ನ ತೋಟದಾಗೆ ಐತಾ?"

"ಇಷ್ಟು ದೊಡ್ಡದಿಲ್ಲಪ್ಪ. ನಾನು ದೊಡ್ಡದು ಮಾಡಿರೋದು."

"ಇರ್ಲಿ ಬಿಡಣ್ಣ, ನೀನು ನನಗೆ ಧೈರ್ಯ ಹೇಳ್ಬೇಡ," ಅಂತ ಸುತ್ತಿಕೊಂಡು ಹೊರಟ.

ಅವನು ಆ ಫೋಟೋವನ್ನು ಔಷಧಿ ಅಂಗಡಿಯಲ್ಲಿ ಹಾಸಿದನಂತೆ. ಅಂಗಡಿಯವನು ಹುಳದ ಗಾತ್ರ ನೋಡಿ, ಬೆಳೆಗಾರನ ಮುಖ ನೋಡಿ, ಮೂರು ಥರದ ಔಷಧಿ ಕೊಟ್ಟನಂತೆ. ಇವನು ಮೂರನ್ನೂ ಒಂದೇ ಡ್ರಮ್ಮಿಗೆ ಸುರಿದು, ಹುಳಕ್ಕೆ ತಕ್ಕ ಹಾಗಿರಲಿ ಅಂತ ಒಂದು ಮುಚ್ಚಳ ಜಾಸ್ತಿಯೂ ಹಾಕಿ ಹೊಡೆದನಂತೆ. ಹದಿನೈದು ದಿನ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ.

"ಹುಳ ಹೋಯ್ತೇನಪ್ಪ?"

"ಹೋಯ್ತಣ್ಣ, ಒಂದೂ ಉಳೀಲಿಲ್ಲ. ಗಿಡಾನೂ ಅದರ ಜೊತೆಗೇ ಹೋಯ್ತು." ಬಸ್ಸಿನ ಕಡೆ ಹೊರಟವನು ತಿರುಗಿ ಅಂದ, "ಫೋಟೋ ಮಾತ್ರ ಚೆನ್ನಾಗೈತೆ. ಮನೇಲಿ ಹಾಕಿದೀನಿ."

೩. ಹೆಬ್ಬೆಟ್ಟು ಹೌದೋ ಅಲ್ಲವೋ

ಹುಳದ ಫೋಟೋ ಸುದ್ದಿ ಊರೂರು ಸುತ್ತಿ ಹುಣಸೆ ಮಂಡಿಗೂ ಹೋಯಿತು. ಅಲ್ಲಿ ಕೆಲಸ ಮಾಡುವ ಅಮ್ಮ ಒಬ್ಬಳು ಒಂದು ದಿನ ಬಂದು ನನ್ನ ಮುಂದೆ ಹೆಬ್ಬೆಟ್ಟು ಹಿಡಿದಳು. ಅರವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಮಕ್ಕಳಾಗಲಿಲ್ಲ. ಮಂಡಿಯ ಹಿಂದಿನ ಸಾಲುಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಮೂಲ ಗೌನಿಪಲ್ಲಿ ಕಡೆ, ಮಾತಲ್ಲಿ ಅರ್ಧ ತೆಲುಗು.

"ನಾಯ್ನಾ, ನೀನು ಹುಳದ ಕಾಲಿನ ಕೂದಲು ತೋರಿಸ್ತೀಯಂತೆ. ಇದರಾಗೆ ಗೆರೆ ಐತಾ ಇಲ್ವಾ ನೋಡಿ ಹೇಳು."

ವಿಷಯ ಇಷ್ಟೇ. ರೇಷನ್ ಅಂಗಡಿಯ ಮಿಷನ್ ಮೇಲೆ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ. ಎಡಗೈಗೂ ಕೆಂಪು, ಹತ್ತು ಬೆರಳಿಗೂ ಕೆಂಪು. ತಾಲ್ಲೂಕು ಆಫೀಸಿನಲ್ಲಿ ಕಣ್ಣು ನೋಡುವ ಮಿಷನ್ ಇಟ್ಟು ನೋಡಿದರೆ, ಕಣ್ಣಿಗೆ ಪೊರೆ ಬಂದು ಅದಕ್ಕೂ ಆಗಲಿಲ್ಲ. ಎರಡು ತಿಂಗಳಿಂದ ಅಕ್ಕಿ ಇಲ್ಲ. ಇನ್ನೆರಡು ತಿಂಗಳಲ್ಲಿ ಬೆರಳು ಕೂರದಿದ್ದರೆ ಕಾರ್ಡೇ ಹೋಗುತ್ತೆ ಅಂತ ಅಂಗಡಿಯವನು ಹೇಳಿದ್ದ.

ಆಕೆಯ ಕೈಯನ್ನು ಮರಳಿನ ಚೀಲದ ಮೇಲಿಟ್ಟು ಕ್ಯಾಮೆರಾ ಹತ್ತಿರ ತಂದೆ. ನಾಲ್ಕು ಬೆರಳಗಲದಲ್ಲಿ ನಾಡಿ ಬಡಿತಕ್ಕೂ ಹೆಬ್ಬೆಟ್ಟು ಅಲುಗುವುದು ಕಾಣುತ್ತಿತ್ತು. ಅಮ್ಮಾ ಉಸಿರು ಬಿಗಿ ಹಿಡಿ ಅಂದೆ, ನಾನೂ ಹಿಡಿದೆ. ಇಬ್ಬರೂ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದನ್ನು ನೋಡಿ ಪಾಸ್‌ಪೋರ್ಟ್ ಫೋಟೋಗೆ ಬಂದವನೊಬ್ಬ ಬಾಗಿಲಿಂದಲೇ ವಾಪಸ್ ಹೋದ.

ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಚರ್ಮದ ರಂಧ್ರ ಕಾಣುತ್ತಿತ್ತು, ಹಳೇ ಗಾಯದ ಗೀಟು ಕಾಣುತ್ತಿತ್ತು, ಗೆರೆ ಮಾತ್ರ ಒಂದೂ ಇರಲಿಲ್ಲ. ಹುಣಸೆಕಾಯಿ ಸಿಪ್ಪೆ ಬಿಡಿಸಿ, ನಾರು ಎಳೆದು, ಬಡಿದು ಬೀಜ ತೆಗೆಯುವ ಕೆಲಸ ಆಕೆಯದು. ನಲವತ್ತು ವರ್ಷದ ಹುಳಿ ಅದನ್ನೆಲ್ಲ ತಿಂದುಹಾಕಿತ್ತು.

ಗೆರೆ ಇಲ್ಲ ಅನ್ನುವುದಕ್ಕೆ ಸಾಕ್ಷಿಯಾಗಲಿ ಅಂತ ದೊಡ್ಡ ಪ್ರಿಂಟು ಕೊಟ್ಟು ತಾಲ್ಲೂಕು ಆಫೀಸಿಗೆ ಕಳಿಸಿದೆ. ಗುಮಾಸ್ತರು ನೋಡಿ ವಾಪಸ್ ಕೊಟ್ಟು ಹೇಳಿದರಂತೆ, "ಫೋಟೋ ಮಸುಕಾಗಿದೆ. ಗೆರೆ ಕಾಣೋ ಹಾಗೆ ಕ್ಲಿಯರಾಗಿ ತೆಗೆಸ್ಕೊಂಡು ಬಾ."

ನನಗೆ ಪಿತ್ತ ನೆತ್ತಿಗೇರಿತು. ಅಂಗಡಿ ಶಟರ್ ಎಳೆದು ನಾನೇ ಆಕೆಯ ಜೊತೆ ಹೋದೆ.

"ಸಾರ್, ಇದು ಮಸುಕಲ್ಲ. ರಂಧ್ರ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ. ಗೆರೆ ಇಲ್ಲ, ಅದಕ್ಕೇ ಕಾಣ್ತಿಲ್ಲ."

ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. "ಗೆರೆ ಇಲ್ಲದೇ ಇದ್ರೆ ಇದು ಹೆಬ್ಬೆಟ್ಟು ಅಂತ ಹೆಂಗ್ರೀ ಹೇಳೋದು? ಆಲೂಗಡ್ಡೆನೂ ಹಿಂಗೇ ಇರ್ತದೆ."

ಇದು ಹೆಬ್ಬೆಟ್ಟೇ ಅಂತ ದೊಡ್ಡ ಅಧಿಕಾರಿಯೊಬ್ಬರ ಸಹಿ ಬೇಕಂತೆ. ಅದರ ಜೊತೆಗೆ ತನ್ನ ಬೆರಳಲ್ಲಿ ಗೆರೆ ಇಲ್ಲ ಅಂತ ಆಕೆಯ ಅರ್ಜಿ ಬೇಕಂತೆ. ಅರ್ಜಿ ನಾನೇ ಬರೆದೆ. ಆಕೆಗೆ ಸಹಿ ಬರುವುದಿಲ್ಲ. ಗುಮಾಸ್ತರು ಇಂಕ್ ಪ್ಯಾಡ್ ಮುಂದೆ ತಳ್ಳಿದರು. ಗೆರೆ ಇಲ್ಲ ಎಂಬ ಅರ್ಜಿಯ ಕೆಳಗೆ ಆಕೆ ಹೆಬ್ಬೆಟ್ಟು ಒತ್ತಿದಳು. ನೇರಳೆ ಬಣ್ಣದ ಒಂದು ಬೊಟ್ಟು ಬಿತ್ತು, ಗೆರೆಯ ಗುರುತೇ ಇಲ್ಲದ ನುಣ್ಣನೆ ಬೊಟ್ಟು.

ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಹಾಂ, ಇದು ನೋಡಿ, ಸರಿಯಾಗಿ ಬಂದಿದೆ," ಅಂದರು.

೪. ಬೆರಳಿನ ನೆಂಟರು

ಅರ್ಜಿ ಹೋದ ದಾರಿ ಇವತ್ತಿನವರೆಗೂ ಗೊತ್ತಾಗಿಲ್ಲ. ದಾರಿ ತೋರಿಸಿದ್ದು ಸರ್ಕಾರಿ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ.

"ಅಜ್ಜಿ, ಗೆರೆ ಸತ್ತಿಲ್ಲ, ಒಳಗೇ ಇದೆ. ಹುಣಸೆಹಣ್ಣು ಮುಟ್ಟದೆ ಒಂದೂವರೆ ತಿಂಗಳು ಕೈ ಸುಮ್ಮನಿಟ್ಕೊಳ್ಳಿ. ಕೊಬ್ಬರಿ ಎಣ್ಣೆ ಹಚ್ಚಿ. ಮತ್ತೆ ಬರುತ್ತೆ."

ಆಚೆ ಬಂದ ಮೇಲೆ ಅಮ್ಮ ನನ್ನನ್ನು ಕೇಳಿದಳು, "ಕೈ ಸುಮ್ನಿಟ್ಕೊಂಡ್ರೆ ಹೊಟ್ಟೆ ಸುಮ್ನಿರ್ತದಾ ನಾಯ್ನಾ? ಅಕ್ಕಿ ಬೇಕಂದ್ರೆ ಕೂಲಿ ಬಿಡ್ಬೇಕು. ಕೂಲಿ ಬಿಡ್ಬೇಕಂದ್ರೆ ಅಕ್ಕಿ ಇರ್ಬೇಕು." ಉಲ್ಟಾ ಲೆನ್ಸ್ ಹಾಕಿ ಹುಡುಕಿದರೂ ಇದಕ್ಕೆ ದಾರಿ ಸಿಗುವಂತಿರಲಿಲ್ಲ.

ಮಂಡಿಯ ಹೆಂಗಸರೇ ದಾರಿ ಮಾಡಿದರು. ದಿನಕ್ಕೊಬ್ಬರ ಮನೆಯಿಂದ ಮುದ್ದೆ, ಸಾರು. ಅವರವರ ಮನೆಯಲ್ಲೇ ಅಳೆದು ಬೇಯಿಸುವ ಸಂಸಾರ, ಅದರಲ್ಲೇ ಒಂದು ಪಾಲು ತೆಗೆದರು. ಅವರ ಷರತ್ತು ಒಂದೇ: ಬೆರಳಿಗೆ ನೀರು ಕೂಡ ಸೋಕಿಸಬಾರದು. ಅಮ್ಮ ಹೆಬ್ಬೆಟ್ಟಿಗೆ ಎಣ್ಣೆ ಸವರಿ, ಹಳೇ ಪಂಚೆಯ ಬಟ್ಟೆ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಓಡಾಡತೊಡಗಿದಳು. ಸ್ನಾನ ಮಾಡುವಾಗಲೂ ಬಲಗೈ ಮೇಲಕ್ಕೆ ಎತ್ತಿಯೇ ಇರುತ್ತಿದ್ದಳಂತೆ.

ಊರಿನವರ ಕಣ್ಣು ಸುಮ್ಮನಿರುತ್ತಾ? ಹೆಬ್ಬೆಟ್ಟನ್ನು ಇಷ್ಟು ಜೋಪಾನ ಮಾಡುತ್ತಿದ್ದಾಳೆ ಅಂದಮೇಲೆ ಎಲ್ಲೋ ಪತ್ರಕ್ಕೆ ಒತ್ತುವುದಿರಬೇಕು, ಗೌನಿಪಲ್ಲಿ ಕಡೆ ಮಾವಿನ ತೋಪು ಏನಾದರೂ ಇರಬೇಕು ಅಂತ ಸುದ್ದಿ ಎದ್ದಿತು. ಎರಡೇ ವಾರದಲ್ಲಿ ಗಂಡನ ತಮ್ಮನ ಇಬ್ಬರು ಮಕ್ಕಳು, ಮೀಸೆ ಬಂದು ನರೆತ ಗಂಡಸರು, ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ದೊಡ್ಡಪ್ಪ ಸತ್ತಾಗ ಮೂರನೇ ದಿನದ ಹಾಲು-ತುಪ್ಪಕ್ಕೂ ಬಾರದವರು.

"ದೊಡ್ಡಮ್ಮ, ನಾವಿಲ್ವಾ, ಯಾಕೆ ಒಬ್ಳೇ ಒದ್ದಾಡ್ತೀಯ? ಎಲ್ಲಿಗೆ ಒತ್ತೋದಿದ್ರೂ ನಮಗೊಂದು ಮಾತು ಹೇಳು."

"ಒತ್ತೋದೈತೆ ನಾಯ್ನಾ," ಅಂದಳು ಅಮ್ಮ. "ಇನ್ನೂ ಟೈಮ್ ಐತೆ."

ಅವರು ವಾರಕ್ಕೆರಡು ಸಲ ಹಣ್ಣು ತಂದರು. ಒಬ್ಬ ಚಪ್ಪಲಿ ಕೊಡಿಸಿದ. ಇನ್ನೊಬ್ಬ ಅವಳ ಬೆರಳಿಗೆ ಸುತ್ತಲು ಆಸ್ಪತ್ರೆಯ ಒಳ್ಳೇ ಬಟ್ಟೆ ತಂದುಕೊಟ್ಟ. ಕೊನೆಗೆ ಒಬ್ಬ ತಡೆಯಲಾರದೆ ಯಾವ ಆಫೀಸಿನಲ್ಲಿ ಒತ್ತೋದು ಅಂತ ಕೇಳಿಯೇಬಿಟ್ಟ. ರೇಷನ್ ಅಂಗಡಿ ಅಂತ ಆಕೆ ಹೇಳಿದ ದಿನದಿಂದ ಅಣ್ಣ ತಮ್ಮ ಇಬ್ಬರೂ ನಾಪತ್ತೆ.

"ಯಾಕಮ್ಮ ನಿಜ ಹೇಳಿದೆ? ಇನ್ನೆರಡು ವಾರ ಹಣ್ಣು ಬರ್ತಿತ್ತಲ್ಲ," ಅಂದೆ.

"ಬಾಳೆಹಣ್ಣು ತಿಂದು ತಿಂದು ಸಾಕಾಗಿತ್ತು ನಾಯ್ನಾ. ಒಬ್ಬನಾದ್ರೂ ಒಂದು ಸೇರು ಅಕ್ಕಿ ತರಬಾರದಾ?"

೫. ದೀಪ ಬೆಳಗಿದ್ದು

ವಾರ ವಾರ ಆಕೆ ಸ್ಟುಡಿಯೋಗೆ ಬರುತ್ತಿದ್ದಳು, ನಾನು ವಾರ ವಾರ ಹೆಬ್ಬೆಟ್ಟಿನ ಫೋಟೋ ತೆಗೆಯುತ್ತಿದ್ದೆ. ಮೊದಲ ವಾರ ಏನೂ ಇಲ್ಲ. ಎರಡನೇ ವಾರವೂ ಇಲ್ಲ. ಮೂರನೇ ವಾರ ಒಂದು ಅಂಚಿನಲ್ಲಿ ನಾಲ್ಕು ಗೆರೆ, ಅನುಮಾನದ ಥರ. ಐದನೇ ವಾರ ಕ್ಯಾಮೆರಾಗೆ ಕಣ್ಣಿಟ್ಟು ಮೆಲ್ಲಗೆ ಮುಂದೆ ಬಾಗಿದೆ. ಹದವಾಗಿ ಉತ್ತ ಹೊಲದ ಸಾಲು ಕಂಡ ಹಾಗೆ ಸುತ್ತು ಸುತ್ತಾಗಿ ಗೆರೆಗಳು ಎದ್ದು ಕೂತಿದ್ದವು. ಮೂವತ್ತು ವರ್ಷದಲ್ಲಿ ಎಷ್ಟು ಮದುವೆ ತೆಗೆದಿದ್ದೇನೋ ಲೆಕ್ಕವಿಲ್ಲ, ಇಷ್ಟು ಖುಷಿ ಯಾವ ವಧೂವರರನ್ನು ಕಂಡೂ ಆಗಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದು ಆ ಫೋಟೋ ಅಲುಗಿಹೋಯಿತು, ಇನ್ನೊಂದು ಸಲ ತೆಗೆದೆ.

ಆರನೇ ವಾರ ಗಡುವಿನ ಕೊನೇ ದಿನಗಳು. ರೇಷನ್ ಅಂಗಡಿಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ ಕೊನೇ ಫೋಟೋ ತೆಗೆದು, ಕ್ಯಾಲೆಂಡರಿನಷ್ಟು ದೊಡ್ಡ ಪ್ರಿಂಟು ಹಾಕಿ, ಇದು ನಿನ್ನ ಹೆಬ್ಬೆಟ್ಟು ಅಂತ ಆಕೆಯ ಕೈಗೇ ಕೊಟ್ಟೆ. ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಪೊರೆ ಬಂದ ಕಣ್ಣಿನ ಹತ್ತಿರ ತಂದು, ತುಂಬಾ ಹೊತ್ತು ನೋಡಿದಳು. ಆಮೇಲೆ ಮಗುಚಿ ನನ್ನ ಕೈಗೇ ವಾಪಸ್ ಕೊಟ್ಟಳು. ಜೋಪಾನವಾಗಿ ನನ್ನ ಹತ್ತಿರವೇ ಇರಲಿ ಅಂತ ಕೊಟ್ಟಳು ಅಂದುಕೊಂಡೆ. ಬೆಳಿಗ್ಗೆ ಒಂಬತ್ತಕ್ಕೆ ರೇಷನ್ ಅಂಗಡಿ ಹತ್ತಿರ ಸಿಗ್ತೀನಿ ಅಂತ ಹೇಳಿ ಕಳಿಸಿದೆ.

ಬೆಳಿಗ್ಗೆ ಹೋದರೆ ಮಂಡಿಯ ಹೆಂಗಸರೆಲ್ಲ ಕೂಲಿ ಬಿಟ್ಟು ಬಂದು ನಿಂತಿದ್ದರು. ಮುದ್ದೆ ಹಾಕಿದವರು ಅವರು, ನೋಡುವ ಹಕ್ಕು ಅವರಿಗಿತ್ತು. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಸೆರಗಿನೊಳಗೆ ಬಲಗೈ ಮುಚ್ಚಿಕೊಂಡು ಬಂದಳು. ಸಾಲಿನಲ್ಲಿದ್ದವರು ತಾವಾಗೇ ಜಾಗ ಬಿಟ್ಟರು.

ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ.

"ಒತ್ತಮ್ಮ, ಗಟ್ಟಿಯಾಗಿ," ಅಂದ ಅಂಗಡಿಯವನು. ಒತ್ತಿದಳು. ಕೆಂಪು. ಅವನು ಮಿಷನ್ನಿನ ಗಾಜು ಒರೆಸಿದ, ಇನ್ನೊಮ್ಮೆ ಇಡಿಸಿದ. ಕೆಂಪು. ಅವನೇ ಬೆರಳು ಹಿಡಿದು ಸರಿಯಾಗಿ ಕೂರಿಸಿದ. ಅದಕ್ಕೂ ಕೆಂಪು.

"ಇದರಲ್ಲಿ ಏನೂ ಇಲ್ಲವಲ್ರೀ," ಅಂತ ನನ್ನ ಕಡೆ ತಿರುಗಿದ. "ಗೆರೆ ಬಂದೈತೆ ಅಂತ ಊರೆಲ್ಲ ಹೇಳಿದ್ರಿ."

ನಾನು ಆಕೆಯ ಕೈ ಎಳೆದು ನೋಡಿದೆ. ಹೆಬ್ಬೆಟ್ಟು ಕೆಂಪಗೆ, ನುಣ್ಣಗೆ, ಫಳಫಳ ಹೊಳೆಯುತ್ತಿತ್ತು. ಒಂದೆರಡು ಕಡೆ ರಕ್ತ ಜಿನುಗಿತ್ತು.

"ಅಮ್ಮಾ, ಏನು ಮಾಡಿದೆ ಇದಕ್ಕೆ?"

"ತೊಳೆದೆ."

"ಯಾವುದರಲ್ಲಿ ತೊಳೆದೆ?"

"ಮೊದಲು ಸೋಪು ಹಾಕಿದೆ ನಾಯ್ನಾ, ಹೋಗ್ಲಿಲ್ಲ. ಆಮೇಲೆ ದೇವರ ದೀಪ ಬೆಳಗ್ತೀವಲ್ಲ, ಹಂಗೆ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಮುಂಜಾನೆಯಿಂದ ಉಜ್ಜಿದೀನಿ."

ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ ಅಂದ. ಮಂಡಿಯ ಹೆಂಗಸೊಬ್ಬಳು ಅವನ ಕಡೆ ತಿರುಗಿದಳು, ಅಲ್ಲಿಗೆ ಆ ನಗು ನಿಂತಿತು. ಆಮೇಲೆ ಅದೇ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ಮುಖ ಮಾಡಿದಳು.

"ಯಾಕಮ್ಮ ಉಜ್ಜಿದೆ? ಯಾರು ನಿನಗೆ ಉಜ್ಜು ಅಂತ ಹೇಳಿದ್ದು?" ನನ್ನ ದನಿ ನನಗೇ ತಿಳಿಯದೆ ಏರಿಹೋಗಿತ್ತು.

ಆಕೆ ಹೆದರಲಿಲ್ಲ. ಇದೂ ತಿಳಿಯುವುದಿಲ್ಲವಾ ಅನ್ನುವ ಹಾಗೆ ನನ್ನನ್ನು ನೋಡಿದಳು.

"ನೀನೇ ತೋರಿಸಿದ್ಯಲ್ಲ ನಾಯ್ನಾ ನಿನ್ನೆ, ಅಷ್ಟು ದೊಡ್ಡದಾಗಿ. ಗೆರೆ ಸಂದಿಯೊಳಗೆಲ್ಲ ಕೊಳೆ. ಆರು ವಾರ ನೀರು ಸೋಕಿಸದ ಬೆರಳು, ಇನ್ನೇನಿರ್ತದೆ. ನನಗೆ ಎಷ್ಟು ನಾಚಿಕೆಯಾಯ್ತು ಗೊತ್ತಾ? ಸರ್ಕಾರಕ್ಕೆ ತೋರಿಸೋ ಬೆರಳು, ಹಂಗೇ ಎತ್ಕೊಂಡು ಬರೋಕಾಗ್ತದಾ?"

ಸಿಟ್ಟು ಬಂತು. ಆಕೆಯ ಮೇಲಲ್ಲ, ನನ್ನ ಮೇಲೆ. ಗೆರೆ ಬಂತಲ್ಲ ಅಂತ ಕುಣಿದವನು ನಾನು, ಪ್ರಿಂಟು ಹಾಕಿಕೊಟ್ಟವನೂ ನಾನೇ. ಆ ಗೆರೆಗಳು ಅಷ್ಟು ಕಪ್ಪಾಗಿ ಎದ್ದು ಕಂಡದ್ದು ಸಂದಿಯಲ್ಲಿ ಕೊಳೆ ಇದ್ದದ್ದರಿಂದಲೇ ಅನ್ನುವುದು ನನಗೆ ಆಗ ಹೊಳೆಯಿತು.

ಅಂಗಡಿಯವನು ಕೆಟ್ಟವನಲ್ಲ. ಮಿಷನ್ನನ್ನು ಪಕ್ಕಕ್ಕೆ ಸರಿಸಿ, ತಗ್ಗಿದ ದನಿಯಲ್ಲಿ ಅಂದ, "ಪಟ್ಟಿ ನಾಳೆ ಮೇಲಕ್ಕೆ ಹೋಗ್ತದಮ್ಮ. ಹೆಸರು ಉಳಿಯೋದು ಕಷ್ಟ. ಹೊಸದಾಗಿ ಅರ್ಜಿ ಹಾಕಿ, ಮತ್ತೆ ಗೆರೆ ಬರಲಿ, ನೋಡೋಣ." ಮಂಡಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೂ ಆರು ವಾರ ಮುದ್ದೆ ಹಾಕುವ ಶಕ್ತಿ ಯಾವ ಮುಖದಲ್ಲೂ ಇರಲಿಲ್ಲ. ಒಬ್ಬೊಬ್ಬರೇ ಕೆಲಸಕ್ಕೆ ಹೊರಟರು.

ಅಮ್ಮ ಮಾತ್ರ ಕದಲಲಿಲ್ಲ. ಉಜ್ಜಿ ಉಜ್ಜಿ ಚರ್ಮ ಹೋದ ಆ ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ನನ್ನ ಮೂಗಿನ ಮುಂದೆ, ಸರಿಯಾಗಿ ನಾಲ್ಕು ಬೆರಳಗಲದಲ್ಲಿ ಹಿಡಿದಳು.

"ನಿನ್ನೆ ತೆಗೆದಿದ್ದು ಹರಿದು ಬಿಸಾಕು ನಾಯ್ನಾ. ಈಗ ತೆಗಿ ಫೋಟೋ. ಈಗ ನೋಡು, ಎಷ್ಟು ಚೊಕ್ಕವಾಗೈತೆ."